ಅಕ್ಕೋರ ಭಾನುವಾರ

ಮೂರನೆಯ ತೆಳ್ಳೇವು ದೋಸೆ ಬಾಯಲ್ಲಿರುವಾಗಲೇ ವಿನಯಾಗೆ ತಾನು ಮಾಡುತ್ತಿರುವುದು ಎಂಥ ಕೆಲಸ ಎಂದು ಹೊಳೆದದ್ದು. ಇವತ್ತು ಭಾನುವಾರ. ಕರ್ಕಿಕೊಪ್ಪದಲ್ಲಿ ಕೆಸರುಗದ್ದೆ ಆಟ. ಮಧ್ಯಾಹ್ನ ಆ ಊರಿನವರ ಪಂಕ್ತಿಯಲ್ಲಿ ಕೂತು ಉಂಡೇ ಬರಬೇಕು ಎಂದು ವಾರದಿಂದ ಮನಸ್ಸು ಗಟ್ಟಿಮಾಡಿಕೊಂಡವಳು, ಪ್ರತಿವರ್ಷದಂತೆ ಇವತ್ತೂ ಬೆಳಿಗ್ಗೆ ಬೆಳಿಗ್ಗೆಯೇ ಕಾಯಿಚಟ್ನಿ ಹಚ್ಚಿಕೊಂಡು ಹೊಟ್ಟೆ ಬಿರಿಯ ತಿನ್ನುತ್ತಿದ್ದಾಳೆ. ಅಲ್ಲಿ ಉಣ್ಣುವುದಿಲ್ಲ ಎಂದಿದ್ದ ವರ್ಷಗಳಲ್ಲಿ ಮಾಡಿಕೊಂಡ ರೂಢಿ ಅದು. ಮನಸ್ಸು ಏನೇ ಪ್ರತಿಜ್ಞೆ ಮಾಡಲಿ, ಹೊಟ್ಟೆ ತನ್ನ ಲೆಕ್ಕ ತಾನು ಇಟ್ಟುಕೊಂಡಿತ್ತು. ಅವಳು ತಟ್ಟೆ ಸರಿಸಿ ಎದ್ದಳು. ಬರುವ ತಿಂಗಳಿಂದ ಅವಳಿಗೆ ಕರ್ಕಿಕೊಪ್ಪದ ಶಾಲೆಯಿಂದ ಸಾಗರ ಪೇಟೆಯ ಶಾಲೆಗೆ ವರ್ಗ. ಕರ್ಕಿಕೊಪ್ಪದ ಆಟ ಅವಳ ಪಾಲಿಗೆ ಇದೇ ಕಡೆಯದು. ಇವತ್ತು ಉಣ್ಣದಿದ್ದರೆ ಇನ್ನು ಉಣ್ಣುವುದು ಯಾವಾಗ.

"ಊಟಕ್ಕೆ ಮನಿಗೆ ಬತ್ಯಾ?" ಎಂದ ಕೃಷ್ಣಪ್ರಸಾದ್, ಪೇಪರಿನಿಂದ ತಲೆ ಎತ್ತದೆ.

"ಇಲ್ಲೆ. ಇವತ್ತು ಅಲ್ಲೇ ಉಣ್ತಿ."

ಗಂಡ ಈಗ ತಲೆ ಎತ್ತಿದ. "ಅಲ್ಲೇ ಉಣ್ತ್ಯಾ? ಹಂಗಾರೆ ನಿನ್ನ ಉಪವಾಸ ಎಂತಾತು?" ಎಂದು ನಕ್ಕ. ಒಳಕೋಣೆಯಿಂದ ಮಗಳು ಗಾನವಿಯೂ ನಕ್ಕಿದ್ದು ಕೇಳಿತು.

ಅವರು ನಗುವುದರಲ್ಲಿ ತಪ್ಪೇನಿತ್ತು. ಆ ಮನೆಯಲ್ಲಿ ಕರ್ಕಿಕೊಪ್ಪದ ಉಪವಾಸ ಎಂದರೆ ಒಂದು ತಮಾಷೆಯ ಮಾತು. ಯಾರಾದರೂ ಬಡಿಸಿದ್ದನ್ನು ಬೇಡ ಅಂದರೆ 'ಎಂತ, ಕರ್ಕಿಕೊಪ್ಪದ ಉಪವಾಸನ?' ಎನ್ನುವುದು ವಾಡಿಕೆಯಾಗಿಬಿಟ್ಟಿತ್ತು. ಹಾಗೆ ಮಾಡಿಕೊಟ್ಟವಳೂ ವಿನಯಾಳೇ. ಹೊಸದಾಗಿ ಕೆಲಸಕ್ಕೆ ಸೇರಿದ ವರ್ಷ, ಆಟ ಮುಗಿಸಿ ಬಂದ ಸಂಜೆ, ನಾದಿನಿಯರ ಮುಂದೆ ಕೂತು, ತಾನು ಹೇಗೆ ಜಾಣತನದಿಂದ ಪಾರಾಗಿ ಬಂದೆ ಎಂದು ಕಣ್ಣಲ್ಲಿ ನೀರು ಬರುವಷ್ಟು ನಗಿಸಿದ್ದಳು. ಅತ್ತೆ ಮಾತ್ರ ನಗದೆ, 'ಒಳ್ಳೇದು ಮಾಡ್ದೆ' ಎಂದು ಮಜ್ಜಿಗೆ ಕಡೆಯಲು ಎದ್ದು ಹೋಗಿದ್ದರು. ಆ 'ಒಳ್ಳೇದು ಮಾಡ್ದೆ' ಎಂಬ ಮಾತಿಗೆ ಅವಳ ಮುಖ ಅರಳಿತ್ತು. ಈಗ ಬಸ್ಸಿನ ಕಿಟಕಿಯ ಪಕ್ಕ ಕೂತು ಆ ಅರಳಿದ ಮುಖವನ್ನು ನೆನೆದುಕೊಂಡಾಗ ಅವಳಿಗೆ ತನ್ನ ಮೇಲೆ ಅಸಹ್ಯವೆನಿಸಿತು. ಮಳೆ ಬಿಟ್ಟು ಹೊಳವಾಗಿತ್ತು. ಇಕ್ಕೇರಿ ಕಡೆಯ ತಿರುವು ದಾಟಿದ ಮೇಲೆ ಬಸ್ಸಿನಲ್ಲಿದ್ದವರು ನಾಲ್ಕೇ ಜನ. ಕಂಡಕ್ಟರನಿಗೂ ಆಟದ ಸುದ್ದಿ ಗೊತ್ತಿತ್ತು. 'ಇವತ್ತು ನಿಮ್ಮೂರಲ್ಲಿ ಗೌಜಿ ಅಲ್ವಾ ಅಕ್ಕೋರೆ' ಎಂದು ಟಿಕೇಟು ಹರಿದು ಕೊಟ್ಟ. ಹಳ್ಳಿಯಲ್ಲಿ ಪಾಠ ಹೇಳುವ ಹೆಂಗಸಿಗೆ ಆ ಸೀಮೆಯಲ್ಲಿ ಹೆಸರು ಇರುವುದಿಲ್ಲ, ಅಕ್ಕೋರು ಅಷ್ಟೆ. ನಿಮ್ಮೂರು ಎಂದನಲ್ಲ, ಅದು ಅವಳಿಗೆ ನಾಟಿತು.

ಆ ಮೊದಲ ವರ್ಷ ಆಗಿದ್ದಾದರೂ ಏನು? ಶಾಲೆಯ ಜಗಲಿಯಲ್ಲಿ ಉದ್ದಕ್ಕೆ ಬಾಳೆಎಲೆ ಹಾಸಿದ್ದರು. ಗದ್ದೆಯಿಂದ ಎದ್ದು ಬಂದವರು ಕಾಲುವೆಯಲ್ಲಿ ಕೈಕಾಲು ತೊಳೆದ ಶಾಸ್ತ್ರ ಮಾಡಿ, ಕಿವಿಯ ಹಿಂದೆ ಕುತ್ತಿಗೆಯ ಮೇಲೆ ಕೆಸರು ಇಟ್ಟುಕೊಂಡೇ ಕೂತಿದ್ದರು. ಕೊಪ್ಪರಿಗೆಯ ತುಂಬ ಅನ್ನ. ಒಬ್ಬ ಹೆಂಗಸು ಮೊಣಕೈವರೆಗೆ ಕೈಯಿಳಿಸಿ ಗಂಟಾದ ಅನ್ನ ಬಿಡಿಸುತ್ತಿದ್ದಳು. ಆ ಕೈಯನ್ನು ನೋಡಿದ್ದೇ ವಿನಯಾಳ ಗಂಟಲಲ್ಲಿ ಏನೋ ಮೇಲೆ ಬಂದು ನಿಂತಿತ್ತು. ಕೈ ಕೊಳೆಯಾಗಿತ್ತು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಸುಳ್ಳು. ಕೈ ತೊಳೆದು ಬೆಳ್ಳಗಿತ್ತು, ಬಿಸಿ ಅನ್ನದ ಹಬೆಗೆ ಕೆಂಪಾಗಿತ್ತು. ಆ ಕೈಯವಳೇ ಎಲೆ ಹಿಡಿದು ಬಂದು, 'ಬನ್ನಿ ಅಕ್ಕೋರೆ, ನಮ್ಮ ಸಾಲಲ್ಲೇ ಕೂತ್ಕಳಿ' ಎಂದಾಗ, 'ನನ್ನದು ಭಾನುವಾರ ಉಪವಾಸ ರಂಗಮ್ಮ, ಬೇಯಿಸಿದ್ದು ಮುಟ್ಟೋ ಹಾಗಿಲ್ಲ' ಎಂದು ಎಷ್ಟು ಸಲೀಸಾಗಿ ಬಂತು ಮಾತು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅಂತಾರಲ್ಲ, ಹಾಗೆ ತಪ್ಪಿಸಿಕೊಂಡಿದ್ದಳು. ರಂಗಮ್ಮ ಕೈಯಲ್ಲಿದ್ದ ಎಲೆ ಹಿಂದೆ ಸರಿಸಿ, ಎರಡೂ ಕೈ ಮುಗಿದಿದ್ದಳು. ಮುಗಿದದ್ದು ಆ ಉಪವಾಸಕ್ಕೆ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಊರು ಎಂದರೆ ಸುಮ್ಮನಿರುತ್ತದೆಯೇ? ಅಕ್ಕೋರಿಗೆ ಮಕ್ಕಳಿಲ್ಲ, ಅದಕ್ಕೇ ಸೂರ್ಯದೇವರ ವ್ರತ ಹಿಡಿದಿದ್ದಾರೆ ಎಂದು ಊರೇ ಕಾರಣ ಹುಡುಕಿಕೊಟ್ಟಿತು. ಮರುವರ್ಷ ರಂಗಮ್ಮ ಕಿವಿಯ ಹತ್ತಿರ ಬಂದು 'ಮಕ್ಕಳಿಗಾಗಿನಾ ಅಕ್ಕೋರೆ?' ಎಂದಾಗ ವಿನಯಾ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ, ತಲೆ ತಗ್ಗಿಸಿದಳು. ಆಮೇಲೆ ಗಾನವಿ ಹುಟ್ಟಿದಳು. ಶಿವಮೊಗ್ಗದ ಡಾಕ್ಟರ ಬಳಿಗೆ ಗಂಡಹೆಂಡತಿ ಅಲೆದದ್ದು, ಮಾತ್ರೆ, ಸೂಜಿ, ಇವೆಲ್ಲ ಕರ್ಕಿಕೊಪ್ಪಕ್ಕೆ ಯಾಕೆ ಗೊತ್ತಾಗಬೇಕು. 'ದೇವ್ರು ಕಣ್ಣು ಬಿಟ್ಟ' ಎಂದು ರಂಗಮ್ಮ ಕಣ್ಣೊರೆಸಿಕೊಂಡಳು, ವಿನಯಾ ಮತ್ತೆ ತಲೆ ತಗ್ಗಿಸಿದಳು. ಫಲ ಸಿಕ್ಕಿತಲ್ಲ, ಇನ್ನಾದರೂ ನಮ್ಮ ಜೊತೆ ಉಣ್ಣಿ ಎಂದಾಗ, ಮಗಳ ಮದುವೆಯಾಗುವ ತನಕ ಬಿಡುವಂತಿಲ್ಲ, ನಡುವೆ ಬಿಟ್ಟರೆ ಮಗುವಿಗೆ ಒಳ್ಳೆಯದಲ್ಲ ಎಂದು ಇನ್ನೊಂದು ಹೊಸೆದಳು. ಹೊಟ್ಟೆಯಲ್ಲಿ ಹುಟ್ಟಿದ ಮಗುವನ್ನು ಒಂದು ತುತ್ತು ಅನ್ನಕ್ಕೆ ಅಡ್ಡ ಹಿಡಿದಳು. ಹಿಡಿದಾಗ ನಾಲಿಗೆ ತಡವರಿಸಲೂ ಇಲ್ಲ.

ಅತ್ತೆಯ ಮಡಿಗೆ ಹೆದರಿ ಹಾಗೆ ಮಾಡಿದೆ ಎಂದು ಎಷ್ಟೋ ವರ್ಷ ಅಂದುಕೊಂಡಿದ್ದಳು. ಅತ್ತೆ ತೀರಿಹೋದ ವರ್ಷವೂ ನಾಲಿಗೆ ಅದೇ ಮಾತು ಹೇಳಿತು. ಆವತ್ತು ಅವಳಿಗೆ ತನ್ನ ನಾಲಿಗೆಯ ಮೇಲೆ ಕೂತಿದ್ದವರು ಅತ್ತೆಯಲ್ಲ ಎಂದು ಗೊತ್ತಾಯಿತು. ಶಾಲೆಯಲ್ಲಿ ಬಿಸಿಯೂಟ ಮಕ್ಕಳಿಗೆ ಬಡಿಸುವ ಮೊದಲು ಮೇಷ್ಟ್ರುಗಳು ರುಚಿ ನೋಡಬೇಕು. ಅವಳ ಪಾಳಿಯನ್ನು ಹೆಡ್‌ಮಾಸ್ಟರು ಜಯಪ್ಪನವರು ತಾವಾಗಿಯೇ ವಹಿಸಿಕೊಂಡಿದ್ದರು. ಯಾಕೆ ಎಂದು ಅವರು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ಅಡುಗೆಯವರು ಕೊಟ್ಟ ಚಾ ಕುಡಿಯುತ್ತಿದ್ದಳು. ಚಾಕ್ಕೆ ಮುಸುರೆಯಿಲ್ಲ, ಅನ್ನಕ್ಕೆ ಇದೆ, ಎಂದು ಯಾವ ಶಾಸ್ತ್ರ ತೀರ್ಮಾನಿಸಿತ್ತೋ. ಸಾಗರದ ಹೋಟೆಲಿನಲ್ಲಿ ಯಾರು ಬೇಯಿಸಿದರು ಎಂದು ಒಂದು ದಿನವಾದರೂ ಕೇಳಿದವಳಲ್ಲ. ಅದೇ ಬಾಯಲ್ಲಿ ಮಕ್ಕಳಿಗೆ ನಾವೆಲ್ಲರೂ ಒಂದೇ ಎಂದು ಜೋರಾಗಿ ಹೇಳಿಸುತ್ತಿದ್ದಳು, ಹಿಂದಿನ ಬೆಂಚಿನವರ ದನಿ ಕೇಳಲಿಲ್ಲ, ಇನ್ನೊಂದು ಸಲ ಹೇಳಿ ಎನ್ನುತ್ತಿದ್ದಳು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ.

ಊರು ಹತ್ತಿರವಾದಂತೆ ಮೈಕಿನ ದನಿ ಕೇಳಿತು. ಮೈಕಿನಲ್ಲಿದ್ದವನು ರಂಗಮ್ಮನ ಮಗ ಕಿರಣ್. ಗದ್ದೆ ಅವನ ಅಪ್ಪ ಕೆರಿಯಪ್ಪನದು. ಗೇಣಿಯ ಕಾಲ ಹೋಗಿ ಗದ್ದೆ ಮನೆತನದ ಹೆಸರಿಗೆ ಬಂದ ಮೇಲೆ, ನಟ್ಟಿಗೆ ಮುಂಚೆ ಒಂದು ದಿನ ಊರಿಗೆಲ್ಲ ಬಿಟ್ಟುಕೊಡುವುದು ಅವನ ಸಂತೋಷ. ಊರವರ ಕಾಲು ಬಿದ್ದ ಗದ್ದೆಗೆ ನೇಗಿಲ ಹೂಟಿ ಬೇಡ, ನಾಳೆ ಬೆಳಿಗ್ಗೆ ಸಸಿ ಹಿಡಿದು ಇಳಿದರಾಯಿತು ಎನ್ನುತ್ತಿದ್ದ. ಅಂಚಿನಲ್ಲಿ ಹಾಲೆರೆದು, ತುಳಿಯುತ್ತೇವೆ ತಾಯಿ ಎಂದು ಕೈಮುಗಿದು ಎಲ್ಲರೂ ಇಳಿದಾಗಿತ್ತು. ವರ್ಷವಿಡೀ ಬೇಲಿಯ ಗಿಡ ಸರಿಸಿದ್ದಕ್ಕೆ ಜಗಳ ಆಡುವ ಗಜಾನನನೂ ಜಟ್ಟಪ್ಪನೂ ಒಬ್ಬರ ಕಾಲಿಗೆ ಒಬ್ಬರ ಕಾಲು ಕಟ್ಟಿಕೊಂಡು ಓಡುತ್ತಿದ್ದರು, ಬೀಳುತ್ತಿದ್ದರು, ಬಿದ್ದಲ್ಲಿಂದಲೇ ಬೈದುಕೊಳ್ಳುತ್ತಿದ್ದರು. ಮುದುಕಿಯೊಬ್ಬಳು ಅಂಚಿನ ಮೇಲೆ ಕೂತು, ನಮ್ಮ ಕಾಲದಲ್ಲಿ ಹಿಂಗೆ ಬೀಳ್ತಿರ್ಲಿಲ್ಲ ಎಂದು ಬೀಳುವವರನ್ನೆಲ್ಲ ಹೀಯಾಳಿಸುತ್ತಿದ್ದಳು. ಯಾರ ಮುಖ ಯಾರದು ಎಂದು ಗೊತ್ತಾಗದ ಹಾಗೆ ಎಲ್ಲರೂ ಕೆಸರು. ಈ ದಿನ ಎಂದರೆ ವಿನಯಾಗೆ ನಿಜಕ್ಕೂ ಇಷ್ಟ. ಮದುವೆಮನೆಯಲ್ಲೂ ಅವಳು ಇಷ್ಟು ನಕ್ಕಿದ್ದಿಲ್ಲ. ಆದರೆ ಎಲ್ಲ ವರ್ಷವೂ ಶಾಮಿಯಾನದ ಕೆಳಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಸೀರೆಯ ನೆರಿಗೆ ಮೊಣಕಾಲ ನಡುವೆ ಹಿಡಿದುಕೊಂಡು ನಕ್ಕಿದ್ದು. ಗದ್ದೆಗೆ ಇಳಿದಿರಲಿಲ್ಲ. ಅಂಚಿನ ಈಚೆಗೆ ಇವಳ ಚಪ್ಪಲಿ, ಆಚೆಗೆ ಊರು.

ಇವತ್ತೂ ಅದೇ ಕುರ್ಚಿಗೆ ಕರೆದು ಕೂರಿಸಿದರು. ಕಿರಣ್ ಮೈಕಿನಲ್ಲಿ, "ನಮ್ಮ ಅಕ್ಕೋರು ಬಂದ್ರು. ಊಟಕ್ಕೆ ಮುಂಚೆ ಅವರಿಗೊಂದು ಶಾಲು ಹೊದಿಸ್ತೀವಿ, ಯಾರೂ ಹೋಗ್ಬೇಡಿ" ಎಂದ. ಆಮೇಲೆ ಮೈಕು ಬೇರೆಯವರ ಕೈಗೆ ಕೊಟ್ಟು ಹತ್ತಿರ ಬಂದು ಕೂತು, "ಹುಡುಗ್ರು ಗೊಣಗ್ತಿದಾರೆ ಅಕ್ಕೋರೆ. ಬರೋ ವರ್ಷದಿಂದ ಕೋಳಿ ಮಾಡ್ಬೌದಾ ಅಂತ ಈಗ್ಲೇ ಕೇಳ್ತಿದಾರೆ" ಎಂದು ನಕ್ಕ.

"ಅಂದ್ರೆ? ಈಗ ಯಾಕೆ ಮಾಡಲ್ಲ?"

"ಅದೇನು ಕೇಳ್ತೀರಿ. ಅವ್ವ ಬಿಡ್ತಾರಾ? ಅಕ್ಕೋರು ವ್ರತದಲ್ಲಿ ಬಂದು ಕೂತಿರ್ತಾರೆ, ಅವರ ಮೂಗಿಗೆ ಕೋಳಿ ಸಾರಿನ ವಾಸನೆ ಹೊಡೀಬಾರ್ದು ಅಂತ ನಾನು ಸಣ್ಣವನಿದ್ದಾಗಲೇ ನಿಲ್ಸಿದ್ದು."

ಅವನು ಹೇಳಿದ್ದು ತಮಾಷೆಗೆ, ಅಕ್ಕೋರಿಗೆ ಗೊತ್ತೇ ಇರುವ ಸಂಗತಿ ಎನ್ನುವಂತೆ. ವಿನಯಾಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಪಲ್ಯ, ಸಾರು, ಪಾಯಸ ನೋಡಿದಾಗೆಲ್ಲ, ಇವರೂ ಹಬ್ಬಕ್ಕೆ ನಮ್ಮ ಹಾಗೇ ಮಾಡುತ್ತಾರೆ ಎಂದು ಮೆಚ್ಚಿಕೊಂಡಿದ್ದಳು. ಮಾತ್ರವಲ್ಲ, ಪರವಾಗಿಲ್ಲ ಸುಧಾರಿಸಿದ್ದಾರೆ ಎಂದುಕೊಂಡಿದ್ದೂ ಉಂಟು. ಉಣ್ಣದ ಒಬ್ಬಳಿಗಾಗಿ ಉಣ್ಣುವ ಊರು ತನ್ನ ನಾಲಿಗೆ ಕಟ್ಟಿಕೊಂಡಿತ್ತು. ಅವಳು ಕಿರಣ್‌ನ ಮುಖ ನೋಡಲಾರದೆ ಗದ್ದೆಯತ್ತ ನೋಡಿದಳು. ಉಣ್ಣಲೇಬೇಕು ಇವತ್ತು. ಬಾಯಿಬಿಟ್ಟು ಹೇಳುವ ಧೈರ್ಯ ತನ್ನಲ್ಲಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೆ ಎಲೆಯ ಮುಂದೆ ಕೂತು ಕಲೆಸಿ ಉಂಡುಬಿಟ್ಟರೆ, ವ್ರತವೆನ್ನುವುದು ಇರಲೇ ಇಲ್ಲ ಎಂದು ಅವರಿಗೇ ಅರ್ಥವಾಗುತ್ತದೆ. ಮಗಳ ಮೇಲೆ ಆಣೆಯಿಟ್ಟ ಹಾಗೆ ಹೇಳಿದ್ದವಳು ಉಣ್ಣುತ್ತಾಳೆ ಎಂದರೆ ಇನ್ನೇನು ಅರ್ಥ. ಬೈದರೆ ಬೈಯಲಿ. ತಿಂಗಳು ಕಳೆದರೆ ತಾನು ಇಲ್ಲಿರುವುದಿಲ್ಲ. ಹಾಗೆಂದುಕೊಂಡಾಗ, ಇರುವುದಿಲ್ಲ ಎನ್ನುವ ಕಾರಣಕ್ಕೇ ಈ ಧೈರ್ಯ ಬಂದದ್ದು ಎಂದೂ ಹೊಳೆದು, ಮುಖಕ್ಕೆ ಹೊಡೆದಂತಾಯಿತು.

ರಂಗಮ್ಮ ಅಡುಗೆಯ ಕಡೆಯಿಂದ ಸೆರಗಿಗೆ ಕೈ ಒರೆಸುತ್ತ ಬಂದಳು. ವಯಸ್ಸಾಗಿದ್ದರೂ ಊರೂಟದ ಉಸ್ತುವಾರಿ ಇನ್ನೂ ಅವಳದೇ. ವಿನಯಾಳ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ಕುರ್ಚಿ ಖಾಲಿ ಇದ್ದವು.

"ಹೋಗ್ತೀರಾ ಹಂಗಾರೆ ನಮ್ಮನ್ನ ಬಿಟ್ಟು" ಎಂದಳು. "ಹೋಗಿ ಮಾರಾಯ್ರೆ, ಪ್ಯಾಟೆಲಿ ಇರಿ, ಎಷ್ಟು ವರ್ಷ ಬಸ್ಸಲ್ಲಿ ಓಡಾಡ್ತೀರಿ. ಒಂದು ಮಾತು ಹೇಳ್ಬೇಕಿತ್ತು ನಿಮ್ಗೆ. ನಮ್ಮ ಸೊಸೆ ಸುಮನಾ ಇದಾಳಲ್ಲ, ಅವಳೂ ನಿಮ್ಮ ವ್ರತಾನೇ ಹಿಡಿದಾಳೆ."

"ಯಾವ ವ್ರತ?"

"ಅದೇ, ಭಾನ್ವಾರದ್ದು. ಮದ್ವೆಯಾಗಿ ಇಷ್ಟು ವರ್ಷ ಆದ್ರೂ ಮಡಿಲು ತುಂಬ್ಲಿಲ್ಲ. ನಾನೇ ಹೇಳಿದ್ದು, ಅಕ್ಕೋರಿಗೆ ಕೊಟ್ಟ ದೇವ್ರು ನಿಂಗೂ ಕೊಡ್ತಾನೆ, ಹಿಡಿ ಅಂತ. ನೀವಾದ್ರೂ ಒಂದು ಲೋಟ ಚಾ ಕುಡೀತೀರಿ. ಅವಳು ಅದೂ ಇಲ್ಲ. ಬೆಳಿಗ್ಗೆಯಿಂದ ಹೊತ್ತು ಮುಳುಗೋ ತನಕ ಬರೀ ನೀರು. ಗಟ್ಟಿ ಹುಡುಗಿ." ರಂಗಮ್ಮನ ದನಿಯಲ್ಲಿ ಹೆಮ್ಮೆಯಿತ್ತು. "ಹೋಗೋಕೆ ಮುಂಚೆ ಅವಳ ತಲೆ ಮೇಲೆ ಒಂದು ಕೈ ಇಟ್ಟು ಹೋಗಿ, ಅಷ್ಟೇ ನಾನು ಕೇಳೋದು."

ವಿನಯಾ ಏನೋ ಹೇಳಿದಳು. ಏನು ಹೇಳಿದಳೋ ಅವಳಿಗೇ ತಿಳಿಯಲಿಲ್ಲ. ಹೊಟ್ಟೆಯೊಳಗೆ ಬೆಳಗಿನ ತಿಂಡಿ ಕಲ್ಲಿನ ಹಾಗೆ ಕೂತಿತ್ತು. ನಾದಿನಿಯರನ್ನು ನಗಿಸಿದ ತಮಾಷೆ ಇಲ್ಲಿ ಒಂದು ಹೆಣ್ಣಿನ ಹೊಟ್ಟೆಯನ್ನು ವಾರಕ್ಕೊಮ್ಮೆ ಸುಡುತ್ತಿದೆ. ಎಷ್ಟು ಭಾನುವಾರ ಆಗಿರಬಹುದು? ತಾನು ಮನೆಯಲ್ಲಿ ಪೂರಿ ಕರಿಯುವ, ಮಗಳ ತಲೆಗೆ ಎಣ್ಣೆ ಹಚ್ಚುವ, ಮಧ್ಯಾಹ್ನ ಉಂಡು ಕಾಲು ಚಾಚಿ ಮಲಗುವ ಭಾನುವಾರಗಳು. ಅಷ್ಟೂ ಭಾನುವಾರ ರಂಗಮ್ಮನ ಮನೆಯಲ್ಲಿ ಒಬ್ಬಳು, ಅಕ್ಕೋರ ಹೆಸರು ಹೇಳಿಕೊಂಡು, ಬರೀ ನೀರು ಕುಡಿದು ಕೊಟ್ಟಿಗೆ ಗುಡಿಸಿದ್ದಾಳೆ.

ಗದ್ದೆಯಲ್ಲಿ ಹೆಂಗಸರ ಹಗ್ಗಜಗ್ಗಾಟ ಶುರುವಾಗಿತ್ತು. ಮದುವೆಯಾದವರು ಒಂದು ಕಡೆ, ಆಗದವರು ಒಂದು ಕಡೆ. ಮದುವೆಯಾದವರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಸುಮನಾ, ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು, ಹಿಮ್ಮಡಿ ಊರಿ ನಿಂತಿದ್ದಳು. ಕಿರಣ್ ಮತ್ತೆ ಮೈಕು ಹಿಡಿದು ಹೆಂಡತಿಯನ್ನು ಬಿಟ್ಟು ಎದುರು ತಂಡವನ್ನು ಹುರಿದುಂಬಿಸುತ್ತಿದ್ದ, ಜನ ಅದಕ್ಕೂ ನಗುತ್ತಿದ್ದರು. ಹಗ್ಗ ಅತ್ತ ಹೋಯಿತು, ಇತ್ತ ಬಂತು. ಇದ್ದಕ್ಕಿದ್ದಂತೆ ಸುಮನಾಳ ಕೈ ಸಡಿಲಿತು, ಮುಖ ಕೆಳಗಾಗಿ ಕೆಸರಿಗೆ ಬಿದ್ದಳು, ಅವಳ ಮೇಲೆ ಇನ್ನಿಬ್ಬರು. ಊರಿಗೆ ಊರೇ ಕೇಕೆ ಹಾಕಿತು. ಇಬ್ಬರು ಎದ್ದರು. ಸುಮನಾ ಏಳಲಿಲ್ಲ. ಕೇಕೆ ನಿಲ್ಲುವಷ್ಟು ಹೊತ್ತು ಅವಳು ಹಾಗೇ ಇದ್ದಳು. ಆಮೇಲೆ ಯಾರೋ ಕಂಕುಳಿಗೆ ಕೈಹಾಕಿ ಎಬ್ಬಿಸಿದರು, ಅವಳು ಬಾಯೊಳಗಿನ ಕೆಸರು ಉಗುಳಿ, ನಕ್ಕು, ಏನಿಲ್ಲ ಏನಿಲ್ಲ ಎಂದು ಕೈಯಾಡಿಸಿದಳು.

"ಉಪಾಸ ಅಲ್ವಾ, ನಿತ್ರಾಣ" ಎಂದಳು ರಂಗಮ್ಮ, ಸುತ್ತಲಿನವರಿಗೆ ಕೇಳುವಂತೆ.

ವಿನಯಾ ಎದ್ದಳು. ಸುಮನಾ ಮೈ ತೊಳೆಯಲು ಹಳ್ಳದ ಕಡೆ ಹೋಗುತ್ತಿದ್ದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುವ ಹಾಗೆ, ಯಾರಾದರೂ ನೋಡುತ್ತಾರೋ ಎಂದು ಆಚೀಚೆ ನೋಡಿಕೊಂಡೇ ಅವಳ ಹಿಂದೆ ಹೋದಳು. ಹಳ್ಳದಲ್ಲಿ ಸುಮನಾ ಮೊಣಕಾಲುದ್ದ ನೀರಿಗೆ ಇಳಿದು ಕೈಯುಜ್ಜುತ್ತಿದ್ದಳು. ತೊಳೆದ ಮುಖ ಬಿಳಿಚಿಕೊಂಡಿತ್ತು. ಮದುವೆಯಾಗಿ ಆನಂದಪುರದಿಂದ ಬಂದ ಹೊಸತರಲ್ಲಿ, ಡಿಗ್ರಿ ಓದಿದ ಸೊಸೆ ಎಂದು ರಂಗಮ್ಮ ಶಾಲೆಗೇ ಕರೆತಂದು ತೋರಿಸಿದ್ದಳು. ಆಗ ಕೆನ್ನೆ ತುಂಬಿಕೊಂಡ ಹುಡುಗಿ.

"ಸುಮನಾ, ಆ ಉಪವಾಸ ಬಿಟ್ಟುಬಿಡು. ಮೊದಲು ಏನಾದ್ರೂ ತಿನ್ನು."

"ಯಾಕೆ ಅಕ್ಕೋರೆ?"

"ಅದರಿಂದ ಏನೂ ಆಗಲ್ಲ. ಗಾನವಿ ಹುಟ್ಟಿದ್ದು ಔಷಧಿಯಿಂದ. ಶಿವಮೊಗ್ಗದಲ್ಲಿ ತೋರಿಸ್ತಿದ್ವಿ ನಾವು. ನಾನು ಯಾವ ಭಾನುವಾರವೂ…" ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. "ನಮ್ಮತ್ತೆ ಬಹಳ ಮಡಿ. ಅವರಿಗೆ ಹೆದರಿಕೊಂಡು ಆವತ್ತು ಹಾಗೆ ಹೇಳಿಬಿಟ್ಟೆ."

ಹೇಳಬೇಕಾದ್ದನ್ನು ಹೇಳುವಾಗಲೂ ಸತ್ತವರ ಸೆರಗು ಹಿಡಿದುಕೊಂಡಿದ್ದಳು. ಸುಮನಾ ಕಿವಿಯೊಳಗಿನ ಕೆಸರನ್ನು ವೇಲಿನ ತುದಿಯಿಂದ ನಿಧಾನವಾಗಿ ತೆಗೆಯುತ್ತಿದ್ದಳು.

"ನಂಗೆ ಗೊತ್ತು ಅಕ್ಕೋರೆ" ಎಂದಳು. "ಹೋದ ವರ್ಷ ಸೀರೆ ತಗಳೋಕೆ ಅಂತ ಸಾಗರಕ್ಕೆ ಬಂದಿದ್ದೆ. ಭಾನ್ವಾರನೇ. ನೀವು, ಮಗಳು, ನಿಮ್ಮ ಮನೆಯವ್ರು ಹೋಟ್ಲಲ್ಲಿ ಕೂತಿದ್ರಿ. ನೀವು ಬನ್ಸ್ ತಿಂತಿದ್ರಿ. ನಾನು ಬಾಗಿಲಲ್ಲೇ ನಿಂತಿದ್ದೆ, ಬೆಳಿಗ್ಗೆಯಿಂದ ಏನೂ ತಿಂದಿರ್ಲಿಲ್ಲ. ಮಾತಾಡ್ಸೋಣ ಅಂದ್ಕೊಂಡೆ. ಆಮೇಲೆ ನಿಮ್ಗೆ ಬೇಜಾರಾಗುತ್ತೆ ಅಂತ ಬಂದ್ಬಿಟ್ಟೆ."

ಮೈಕಿನಲ್ಲಿ ಯಾರೋ ಗೆದ್ದವರ ಹೆಸರು ಕೂಗುತ್ತಿದ್ದರು. ವಿನಯಾ, "ಯಾರಿಗೂ ಹೇಳಲಿಲ್ವಾ?" ಎಂದಳು. ಕೇಳಿದ ಮೇಲೆ, ಬೇರೆ ಎಷ್ಟೋ ಕೇಳುವುದಿತ್ತಲ್ಲ, ಮೊದಲು ಬಾಯಿಗೆ ಬಂದದ್ದು ಇದೇ ಆಯಿತಲ್ಲ ಎನಿಸಿತು.

"ಹೇಳ್ಲಿಲ್ಲ. ಆವತ್ತೇ ತಿಳೀತು, ನಮ್ಮ ಕೈಯಡುಗೆ ನಿಮ್ಗೆ ಸೇರಲ್ಲ ಅಂತ. ಬಸ್ಸಲ್ಲಿ ಬರ್ತಾ ಅಳು ಬಂತು. ಎಷ್ಟು ಒಳ್ಳೆಯವರು ಅಂದ್ಕೊಂಡಿದ್ವಿ ಅಂತ. ಈಗಲೂ ಒಳ್ಳೆಯವರೇ ಬಿಡಿ, ನಮ್ಮ ಮಕ್ಕಳಿಗೆ ಅಕ್ಷರ ಕಲ್ಸಿದ್ರಿ."

"ಮತ್ತೆ ಗೊತ್ತಾದ ಮೇಲೂ ಯಾಕೆ ಮಾಡ್ತಿದೀಯ?"

ಸುಮನಾ ದಂಡೆಯ ಕಲ್ಲಿನ ಮೇಲೆ ಕೂತಳು. "ನೀವು ಇದೊಂದು ಉಪಕಾರ ಮಾಡಿದೀರಿ ಅಕ್ಕೋರೆ. ಇದಕ್ಕೆ ಮುಂಚೆ ಅತ್ತೆ ಯಾರ್ಯಾರದೋ ಬೇರು ಅರೆದು ಕುಡಿಸ್ತಿದ್ರು. ಹಸಿರು ವಾಂತಿ ಆಗೋದು. ಯಾವ್ಯಾವುದೋ ಊರಿಗೆ ಕರ್ಕೊಂಡು ಹೋಗಿ ಕೂರ್ಸೋರು. ನನ್ನಲ್ಲಿ ಏನೂ ತೊಂದ್ರೆ ಇಲ್ಲ ಅಂತ ಡಾಕ್ಟ್ರು ಹೇಳಿದಾರೆ, ಇವ್ರು ತೋರ್ಸೋಕೆ ಒಪ್ಪಲ್ಲ. ಇನ್ನೊಂದು ಹೆಣ್ಣು ನೋಡೋಣ ಅಂತ ಮಾತು ಶುರುವಾಗಿತ್ತು. ಈ ವ್ರತ ಹಿಡಿದ ಮೇಲೆ ಎಲ್ಲ ನಿಂತದೆ. ಅಕ್ಕೋರಿಗೇ ತಡವಾಗಿ ಆಗಿದ್ದು, ಕಾಯೋಣ ಅಂತಾರೆ ಅತ್ತೆ. ಭಾನ್ವಾರ ಬಂದ್ರೆ ನನ್ನ ಯಾರೂ ಒಂದು ಮಾತು ಅನ್ನಲ್ಲ. ಹಸಿವಾಗುತ್ತೆ. ಆದ್ರೆ ಆವತ್ತೊಂದು ದಿನ ಆ ಮನೆಲಿ ನಂಗೆ ಮರ್ಯಾದೆ."

"ನಾನು ಇವತ್ತು ಪಂಕ್ತಿಗೆ ಕೂರೋಣ ಅಂತ ಬಂದಿದ್ದೆ" ಎಂದಳು ವಿನಯಾ.

ಸುಮನಾಳ ಮುಖದಲ್ಲಿ ಮೊದಲ ಸಲ ಹೆದರಿಕೆ ಕಂಡಿತು. ಎದ್ದು ನಿಂತಳು. "ಬ್ಯಾಡ ಅಕ್ಕೋರೆ. ನೀವು ಬಾಯಿಬಿಟ್ಟು ಹೇಳೋದೇ ಬ್ಯಾಡ, ಎಲೆ ಮುಂದೆ ಕೂತ್ರೆ ಸಾಕು, ಅತ್ತೆ ದಡ್ಡಿ ಅಲ್ಲ. ನಿಮ್ಮದು ಸುಳ್ಳು ಅಂತ ಆದ್ರೆ ನಂದೂ ಹೋತು. ನಾಳೆನೇ ಬೇರು ಅರೀತಾರೆ. ನೀವು ಹೋಗೋರು. ನಾನು ಇಲ್ಲೇ ಇರೋಳು."

ಆಗ ವಿನಯಾಗೆ ಏನಾಯಿತು ಎನ್ನುವುದನ್ನು ಅವಳು ಮುಂದೆ ಯಾರಿಗೂ, ಗಂಡನಿಗೂ ಹೇಳಲಾರಳು. ಒಳಗೆ ಹಾಯೆನಿಸಿತು. ಬಚಾವಾದೆ ಎಂದು ಮೈ ಹಗುರಾಯಿತು. ಈ ಹುಡುಗಿಯ ಬೇರು, ವಾಂತಿ, ಇನ್ನೊಂದು ಹೆಣ್ಣಿನ ಮಾತು ಇವೆಲ್ಲ ಕಿವಿಗೆ ಬಿದ್ದ ಹೊತ್ತಿನಲ್ಲೇ, ಇವೆಲ್ಲದರ ಅಡಿಯಲ್ಲಿ, ಇವತ್ತೂ ಉಣ್ಣಬೇಕಾಗಿಲ್ಲ ಎಂದು ಅವಳ ಹೊಟ್ಟೆ ಖುಷಿಪಟ್ಟಿತ್ತು. ಹಾಗಾದರೆ ಬರುವಾಗ ಬಸ್ಸಿನಲ್ಲಿ ಪಟ್ಟ ಪಶ್ಚಾತ್ತಾಪ? ಅದೂ ನಿಜವೇ ಆಗಿತ್ತು. ಆದರೆ ಅದು ಗಂಟಲಿನಿಂದ ಕೆಳಗೆ ಇಳಿದಿರಲಿಲ್ಲ. ಆಗಲಿ ಎಂದಳು. ಎಂದಾಗ ತ್ಯಾಗ ಮಾಡುವವಳ ದನಿ ತಾನಾಗಿ ಬಂತು, ಸುಮನಾ ಅದನ್ನು ನಂಬಿ ಕೈ ಮುಗಿದಳು. ಅದನ್ನು ನೋಡಿ ಅವಳಿಗೆ ನೀರಿಗೆ ಇಳಿದುಬಿಡೋಣ ಎನ್ನುವಷ್ಟು ನಾಚಿಕೆಯಾಯಿತು.

ಶಾಲು ಹೊದಿಸಿದರು, ಚಪ್ಪಾಳೆ ತಟ್ಟಿದರು. ಜಯಪ್ಪ ಮೇಷ್ಟ್ರು ನಾಲ್ಕು ಒಳ್ಳೆಯ ಮಾತು ಆಡಿದರು. ಊಟಕ್ಕೆ ಎಲೆ ಹಾಸಿದರು. ಸಾಲಿನ ಮೊದಲಲ್ಲಿ ಕೂತಿದ್ದ ಕೆರಿಯಪ್ಪ ಎಲೆಯ ಮುಂದಿನಿಂದ ಎದ್ದು ಬಂದ. ಆ ಮನುಷ್ಯ ಇಷ್ಟು ವರ್ಷದಲ್ಲಿ ಅವಳೊಂದಿಗೆ ಎದುರು ನಿಂತು ಮಾತಾಡಿದ್ದೇ ಕಡಿಮೆ. ಬಿಳಿ ಎದೆಗೂದಲಲ್ಲಿ ಕೆಸರು ಒಣಗಿತ್ತು.

"ಅಕ್ಕೋರೆ, ಹೋಗ್ತಿದೀರಿ. ಇನ್ನು ನೀವು ಬರೋ ಹೊತ್ತಿಗೆ ನಾನು ಇರ್ತೀನೋ ಇಲ್ವೋ. ಈ ಗದ್ದೆ ಅಕ್ಕಿದು ಒಂದು ತುತ್ತು ಉಂಡು ಹೋಗಿ. ಒಂದೇ ತುತ್ತು. ದೇವ್ರು ಸಿಟ್ಟು ಮಾಡಲ್ಲ."

ಸಾಲು ಸಾಲಾಗಿ ಕೂತವರು ಕೈಯನ್ನು ಎಲೆಯ ಮೇಲೆ ತಡೆಹಿಡಿದು ನೋಡುತ್ತಿದ್ದರು. ಜಯಪ್ಪ ಮೇಷ್ಟ್ರು ಮಾತ್ರ ತಮ್ಮ ಎಲೆಯ ಮೇಲಿದ್ದ ಪಲ್ಯವನ್ನೇ ನೋಡುತ್ತಿದ್ದರು. ಕಂಬದ ಪಕ್ಕ ಸುಮನಾ ನಿಂತಿದ್ದಳು.

"ಇವತ್ತು ಭಾನುವಾರ ಕೆರಿಯಪ್ಪ" ಎಂದಳು ವಿನಯಾ. "ನನ್ನದು ಉಪವಾಸ."

ಕೆರಿಯಪ್ಪ ಇನ್ನೂ ಏನೋ ಹೇಳಲಿದ್ದ. ಅಷ್ಟರಲ್ಲಿ ರಂಗಮ್ಮ ಸೌಟು ಹಿಡಿದು ನಡುವೆ ಬಂದಳು. "ನಿಮ್ಗೆ ಬುದ್ಧಿ ಇಲ್ವಾ? ಅವ್ರ ಮಗಳ ಮೇಲಿನ ವ್ರತ ಅದು. ಇಷ್ಟು ವರ್ಷ ಕಾಪಾಡ್ಕೊಂಡು ಬಂದಿದ್ದನ್ನ ನಮ್ಮೂರಲ್ಲಿ ಕೆಡಿಸಿ ಕಳಿಸೋದಾ? ಕೂತ್ಕಳಿ ಹೋಗಿ." ಗಂಡನನ್ನು ಗದರಿಸಿ ಹಿಂದಕ್ಕೆ ಕಳಿಸಿ, ವಿನಯಾಳ ಕಡೆ ತಿರುಗಿ, "ಅವ್ರು ಪ್ರೀತಿಯಿಂದ ಅಂದಿದ್ದು, ತಪ್ಪು ತಿಳ್ಕೋಬೇಡಿ ಅಕ್ಕೋರೆ" ಎಂದು ಕ್ಷಮೆ ಕೇಳಿದಳು. ಕ್ಷಮೆ ಕೇಳಿದ್ದು ರಂಗಮ್ಮ. ಊರು ಮತ್ತೆ ಉಣ್ಣಲು ತೊಡಗಿತು.

ಶಾಮಿಯಾನದ ಕೆಳಗೆ ಎರಡು ಕುರ್ಚಿ ಹಾಕಿ ವ್ರತದವರಿಬ್ಬರನ್ನೂ ಕೂರಿಸಿದರು. ಇವತ್ತೊಂದು ದಿನ ಅಕ್ಕೋರ ಜೊತೆ ಹಣ್ಣು ತಗೋ, ದೋಷ ಇಲ್ಲ ಎಂದು ರಂಗಮ್ಮನೇ ಸೊಸೆಗೆ ರಿಯಾಯಿತಿ ಕೊಟ್ಟು, ಒಂದು ಚಿಪ್ಪು ಬಾಳೆಹಣ್ಣು ತಂದು ಅವಳ ಮಡಿಲಲ್ಲಿಟ್ಟು ಬಡಿಸಲು ಓಡಿದಳು. ಪಂಕ್ತಿಯಿಂದ ಸಾರಿನ ಪರಿಮಳ ಬರುತ್ತಿತ್ತು, ಯಾರೋ ಇನ್ನೊಂದು ಹಪ್ಪಳಕ್ಕೆ ಕೂಗುತ್ತಿದ್ದರು. ಹೋಗಿಬರುವವರೆಲ್ಲ ಇವರಿಬ್ಬರತ್ತ ಗೌರವದಿಂದ ನೋಡಿ ಹೋಗುತ್ತಿದ್ದರು. ವಿನಯಾಳ ಕಣ್ಣು ತುಂಬಿತು. ಅದನ್ನೂ ಜನ ಬೀಳ್ಕೊಡುಗೆಯ ದುಃಖ ಎಂದೇ ತಿಳಿಯುತ್ತಾರೆ ಎಂದು ಅವಳಿಗೆ ಗೊತ್ತಿತ್ತು.

ಸುಮನಾ ಒಂದು ಹಣ್ಣು ಮುರಿದಳು. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಗದ್ದೆಯ ಕಪ್ಪು ಉಳಿದಿತ್ತು.

"ಸುಲಿದು ಕೊಡ್ಲಾ ಅಕ್ಕೋರೆ, ನೀವೇ ಸುಲ್ಕಳ್ತೀರಾ?"

ವಿನಯಾ ಆ ದನಿಯಲ್ಲಿ ಕೊಂಕು ಹುಡುಕಿದಳು. ಇರಲಿಲ್ಲ. ಹಸಿದವಳು ಇನ್ನೊಬ್ಬಳನ್ನು ಕೇಳುವ ಹಾಗೆ ಕೇಳಿದ್ದಳು, ಅಷ್ಟೆ. ಸುಲಿದು ಕೊಡು ಎನ್ನಬೇಕೆಂದು ವಿನಯಾ ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಕೈ ಮುಂದೆ ಹೋಗಿ, ಸಿಪ್ಪೆ ಸಮೇತ ಹಣ್ಣನ್ನು ಈಸಿಕೊಂಡಾಗಿತ್ತು.

ಸುಮನಾ ತನಗೊಂದು ಮುರಿದುಕೊಂಡು ಸುಲಿಯತೊಡಗಿದಳು.